ಬೋರಿನ ನೀರಿನಿಂದ ಸಂಶೋಧನಾ ಪತ್ರಿಕೆಯವರೆಗೆ

ಚಿಕ್ಕಮಗಳೂರು ಎಂದರೆ ಕಾಫಿ, ಮಂಜು, ಮಳೆ ಎಂದುಕೊಂಡವರು ಕಡೂರು, ಅಜ್ಜಂಪುರದ ಕಡೆ ಬಂದು ನೋಡಬೇಕು. ರಾಗಿ, ಈರುಳ್ಳಿ, ತೆಂಗಿನ ಬಯಲುಸೀಮೆ ಇದು. ಮಳೆ ಕೈಕೊಟ್ಟಾಗ ತೋಟಕ್ಕೂ ಬೋರು, ಕುಡಿಯುವುದಕ್ಕೂ ಬೋರು. ಕಡೂರು, ತರೀಕೆರೆ ಭಾಗದ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎಂದು ಅಂತರ್ಜಲ ಸಮೀಕ್ಷೆಗಳು ಹೇಳುತ್ತಲೇ ಬಂದಿವೆ. ಅಜ್ಜಂಪುರ ಮೊನ್ನೆ ಮೊನ್ನೆಯವರೆಗೂ ತರೀಕೆರೆ ತಾಲ್ಲೂಕಿನದೇ ಹೋಬಳಿ.

ಇಂಥ ನೀರಿಗೂ ಅದನ್ನು ಕುಡಿಯುವವರ ಮೈಗೂ ಇರುವ ನಂಟನ್ನು ಪತ್ತೆಹಚ್ಚಿ, ಪ್ರಕಟಿಸಿ, ಲೋಕದ ಮುಂದಿಡುವುದೇ ಒಂದು ಕಸುಬು. ಅದು ಶುರುವಾಗುವುದು ಬೋರಿನ ಬುಡದಲ್ಲಿ. ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಮೋಟಾರು ಓಡಿಸಬೇಕು. ಫ್ಲೋರೈಡ್ ಗಾಜಿನ ಜೊತೆ ವರ್ತಿಸುವುದರಿಂದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಅದನ್ನು ಅದೇ ನೀರಿನಲ್ಲಿ ಗಲಬರಿಸಿ ತುಂಬಿ, ಊರು, ತಾರೀಖು, ಬೋರಿನ ಆಳ ಬರೆದು ಅಂಟಿಸಬೇಕು. ಪ್ರಯೋಗಾಲಯದಲ್ಲಿ ಜಿರ್ಕೋನಿಯಂ ಬೆರೆತ ಕೆಂಪು ಬಣ್ಣದ ದ್ರಾವಣ ಹಾಕಿದರೆ, ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಮಾಸುತ್ತದೆ. ಮಾಸಿದ ಪ್ರಮಾಣವನ್ನು ಯಂತ್ರ ಅಳೆಯುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೋಡದೆ ಬರೆದ ಲೇಖನವನ್ನು ಒಳ್ಳೆಯ ಪತ್ರಿಕೆಯ ಪರಿಶೀಲಕರು ಸುಲಭಕ್ಕೆ ಒಪ್ಪುವುದಿಲ್ಲ. ಹೆಸರು ಹೇಳದ ಆ ಪರಿಶೀಲಕರ ತಕರಾರುಗಳಿಗೆ ಉತ್ತರ ಕೊಟ್ಟ ಮೇಲೆಯೇ ಅಚ್ಚು. ಈ ನಿಷ್ಠುರತೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ನಮ್ಮ ದೇಶದಲ್ಲಿ ಈ ಪರಂಪರೆ ಹಳೆಯದು. ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಹೊರಟದ್ದು 1913ರಲ್ಲಿ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಬೆನ್ನು, ಕುತ್ತಿಗೆ ಸೆಟೆದು ಬಗ್ಗಲಾರದವರ ಸಂಕಟಕ್ಕೆ ಕುಡಿಯುವ ನೀರಿನ ಫ್ಲೋರೈಡೇ ಕಾರಣವೆಂದು ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ಪ್ರಕಟಿಸಿದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಫ್ಲೋರೈಡ್ ಪೀಡಿತ ಹಳ್ಳಿಗಳ ಎಳೆಯರಲ್ಲಿ ಮಂಡಿಗಳು ಒಳಕ್ಕೆ ಬಾಗುತ್ತಿರುವುದನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದರು. ಅದಕ್ಕೆ ಸ್ವಲ್ಪ ಮುಂಚೆ, 1972ರಲ್ಲಿ, ಪರಿಸರ ಮತ್ತು ಆರೋಗ್ಯಕ್ಕೇ ಮೀಸಲಾದ ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್ ಪತ್ರಿಕೆ ಅಮೆರಿಕದಲ್ಲಿ ಶುರುವಾಗಿತ್ತು.

ಆ ಬರಹಗಳು ಕಪಾಟಿನಲ್ಲೇ ಉಳಿಯಲಿಲ್ಲ. ಸುಣ್ಣ ಮತ್ತು ಪಟಿಕ ಹಾಕಿ ಫ್ಲೋರೈಡ್ ತಗ್ಗಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿತು. ಇಂದು ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳ ಹಿಂದೆಯೂ ಇಂಥ ಅರಿವೇ ಇದೆ.

ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಈ ಸಂಶೋಧನೆ ಬಹುಪಾಲು ಪ್ರಕಟವಾಗುವುದು ಇಂಗ್ಲಿಷಿನಲ್ಲಿ. ನೀರು ಯಗಟಿ, ಪಂಚನಹಳ್ಳಿ ಸೀಮೆಯದಾದರೂ ಫಲಿತಾಂಶ ಆ ಸೀಮೆಗೆ ಮರಳುವುದು ಅಪರೂಪ. ಶಾಲೆಯಲ್ಲಿ ಹಲ್ಲಿನ ಕಂದು ಕಲೆಗೆ ನಾಚಿ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಗೆ, ಅದು ಸರಿಯಾಗಿ ಉಜ್ಜದ ತಪ್ಪಲ್ಲ, ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಕುಡಿದ ನೀರಿನದು ಎಂದು ಅವಳ ಭಾಷೆಯಲ್ಲಿ ಹೇಳಬೇಕಲ್ಲವೇ? ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ ಎಂಬ ಸಣ್ಣ ಸಂಗತಿಯೂ ಎಷ್ಟೋ ಅಡುಗೆಮನೆಗಳಿಗೆ ತಲುಪಿಲ್ಲ. ಮಾದರಿ ಒಯ್ದ ಪ್ರತಿ ಊರಿಗೂ ಒಂದು ಪುಟದ ಕನ್ನಡ ವರದಿ ಕೊಡದೆ ಸಂಶೋಧನೆ ಮುಗಿಯಿತು ಎನ್ನಬಾರದು.

ಓದುಗರಲ್ಲಿ ಒಂದು ವಿನಂತಿ. ಹೊಸ ಬೋರಿನ ನೀರನ್ನು ಮಕ್ಕಳಿಗೆ ಕೊಡುವ ಮುನ್ನ ಪರೀಕ್ಷೆ ಮಾಡಿಸಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಊರಿನ ನೀರಿನ ವರದಿ ಕೇಳಿ, ಫ್ಲೋರೈಡಿನ ಅಂಕಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸಿ.