ಪಿಕಪ್ ಕೊಳ್ಳುವ ಮುನ್ನ ಕಾಟಾನೂ ನೋಡಿ, ಗಡಿನೂ ನೋಡಿ

ನಾರಾಯಣಪೇಟೆ: ಹತ್ತಿ ಬಿಡಿಸುವ ಹಂಗಾಮು ಹತ್ತಿರ ಬಂದರೆ ಸಾಕು, ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದಲ್ಲಿ ಪಿಕಪ್ ಗಾಡಿಯ ಮಾತು ಶುರುವಾಗುತ್ತದೆ. 'ಬೊಲೆರೊ ತಗೋರಿ ಕಾಕಾ, ಯಾವ ಊರಾಗ ನಿಂತ್ರೂ ಸಾಮಾನು ಸಿಗ್ತದ' ಎನ್ನುವವರು ಕೆಲವರು. 'ಟಾಟಾ ಎಳದಂಗ ಬ್ಯಾರೆ ಗಾಡಿ ಎಳ್ಯಂಗಿಲ್ಲ' ಎನ್ನುವವರು ಇನ್ನು ಕೆಲವರು. ಚಹಾ ಅಂಗಡಿಯ ಈ ವಾದಕ್ಕೆ ಕೊನೆ ಎಂಬುದಿಲ್ಲ. ಆದರೆ ಐದು ವರ್ಷ ಕಂತು ಕಟ್ಟುವವರು ವಾದ ಮಾಡಿದವರಲ್ಲ, ಗಾಡಿ ಕೊಂಡವರು.

ಗಡಿ ಭಾಗದವರಿಗೆ ಇನ್ನೊಂದು ಲೆಕ್ಕವೂ ಉಂಟು. ನಮ್ಮ ತೊಗರಿ, ಹತ್ತಿ, ಭತ್ತ, ಸೀರೆ ಇವತ್ತು ಮಹಬೂಬನಗರಕ್ಕೆ ಹೋದರೆ ನಾಳೆ ರಾಯಚೂರು, ಯಾದಗಿರಿಗೆ ಹೋಗುತ್ತದೆ. ಹೊಲ ಇತ್ತ, ಬೀಗರು ಅತ್ತ. ಹೀಗಾಗಿ ಇಲ್ಲಿ ಎಂಜಿನ್ ಜೊತೆಗೆ ಕಾಗದಪತ್ರವನ್ನೂ ಹೋಲಿಸಿ ನೋಡಬೇಕಾಗುತ್ತದೆ.

ಕಣದಲ್ಲಿ ಯಾರ್ಯಾರು?

ಅಮೆರಿಕದಲ್ಲಿ ಫೋರ್ಡ್, ಷೆವರ್ಲೆ, ರ‍್ಯಾಮ್ ಕಂಪನಿಗಳ ದೊಡ್ಡ ಪಿಕಪ್‌ಗಳ ನಡುವೆ ಪೈಪೋಟಿ. ಅಲ್ಲಿ ಪಿಕಪ್ ಮನೆಮಂದಿಯ ಕಾರೂ ಹೌದು. ನಮ್ಮಲ್ಲಿ ಅದು ಹೊಟ್ಟೆಪಾಡು. ಹಿಂದೆ ಟಾಟಾ 207 ಇತ್ತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ವ್ಯಾಪಾರಿಗಳೂ ಸ್ವಂತ ಗಾಡಿಯ ಕನಸು ಕಂಡರು. ಏಸ್‌ಗಿಂತ ದೊಡ್ಡದು, ಲಾರಿಗಿಂತ ಚಿಕ್ಕದು ಬೇಕೆನ್ನುವವರ ಮುಂದೆ ಇಂದು ಮುಖ್ಯವಾಗಿ ನಾಲ್ಕು ಕಂಪನಿಗಳಿವೆ.

ಮಹೀಂದ್ರಾ ಬೊಲೆರೊ ಪಿಕಪ್ ಹಳೆಯ ಪರಿಚಯ. 2023ರಲ್ಲಿ ಬಂದ ಬೊಲೆರೊ ಮ್ಯಾಕ್ಸ್ ಸಾಲಿನಲ್ಲಿ 1.3 ಟನ್‌ನಿಂದ 2 ಟನ್‌ವರೆಗೆ ಮಾಲು ಹೇರುವ ಮಾಡೆಲ್‌ಗಳಿವೆ. ಟಾಟಾ ಯೋಧ 2017ರಲ್ಲಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಯೋಧ 2.0ಗೆ 2 ಟನ್ ಸಾಮರ್ಥ್ಯ, 2.2 ಲೀಟರ್‌ನ 100 ಅಶ್ವಶಕ್ತಿ ಎಂಜಿನ್. ಅಶೋಕ್ ಲೇಲ್ಯಾಂಡ್ ದೋಸ್ತ್ 2011ರದು, ಬಡಾ ದೋಸ್ತ್ 2020ರದು. ಬಡಾ ದೋಸ್ತ್ ಎಂಜಿನ್ 1.5 ಲೀಟರ್, 80 ಅಶ್ವಶಕ್ತಿ. ನಾಲ್ಕನೆಯದು ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ಡಿ-ಮ್ಯಾಕ್ಸ್. ಇದರ ಸಾಮರ್ಥ್ಯ ಸುಮಾರು 1.2 ಟನ್.

ಚೀಲದ ಲೆಕ್ಕ ಹಾಕಿ

ಅಶ್ವಶಕ್ತಿ ನೋಡುವುದಕ್ಕಿಂತ ಮೊದಲು ನಿಮ್ಮ ಮಾಲು ಯಾವುದು ನೋಡಿ. 75 ಕಿಲೋ ಭತ್ತದ ಚೀಲ ಹಿಡಿದರೆ 1.3 ಟನ್ ಗಾಡಿಗೆ 17 ಚೀಲ, 1.7 ಟನ್ ಗಾಡಿಗೆ 22, 2 ಟನ್ ಗಾಡಿಗೆ 26 ಚೀಲ. ಹತ್ತಿಯ ಕಥೆ ಬೇರೆ. ತೂಕ ಆಗುವ ಮುನ್ನ ಜಾಗ ತುಂಬುತ್ತದೆ. ಹತ್ತಿ, ಸೀರೆ ಗಂಟು ಒಯ್ಯುವವರಿಗೆ ಟನ್‌ಗಿಂತ ಟ್ರಾಲಿಯ ಉದ್ದ ಮುಖ್ಯ. ಎಂಟು ಅಡಿಯೋ, ಒಂಬತ್ತೋ, ಹತ್ತೋ ಎಂದು ಟೇಪು ಹಿಡಿದು ಅಳೆಯಿರಿ. ಭತ್ತ, ಸಿಮೆಂಟ್ ಹೇರುವವರು ಹಿಂದಿನ ಪಟ್ಟಿ, ಟಾಯರ್ ಸೈಜು ನೋಡಬೇಕು.

ಇಲ್ಲೊಂದು ಮರೆಯುವ ಸಂಗತಿ. ಶೋರೂಮಿನಿಂದ ತಂದ ಗಾಡಿಗೆ ನಾವು ಕಬ್ಬಿಣದ ಜಾಲರಿ, ಕ್ಯಾರಿಯರ್ ಅಂತ ಕೂಡಿಸುತ್ತೇವೆ. ಆ ತೂಕ ಮಾಲಿನ ಲೆಕ್ಕದಲ್ಲೇ ಕಡಿತ. ಒಮ್ಮೆ ಖಾಲಿ ಗಾಡಿಯನ್ನು ಕಾಟಾ ಮೇಲೆ ನಿಲ್ಲಿಸಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಲ್ಲಿ ಅದನ್ನು ಕಳೆಯಿರಿ, ಕೂಡುವವರ ತೂಕವನ್ನೂ ಕಳೆಯಿರಿ. ಉಳಿದದ್ದಷ್ಟೇ ನಿಮ್ಮದು. 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಹೆಚ್ಚುವರಿ ಮಾಲಿಗೆ ದಂಡ 20 ಸಾವಿರ ರೂಪಾಯಿ, ಮೇಲೆ ಪ್ರತಿ ಟನ್ನಿಗೆ 2 ಸಾವಿರ. ಒಂದೇ ಸಲ ಸಿಕ್ಕಿಬಿದ್ದರೂ ತಿಂಗಳ ಕಂತು ಹೋದಂತೆ.

3 ಸಾವಿರ ಕಿಲೋ ಗೆರೆ

ಗಡಿ ದಾಟುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ ಅಂಕಿ ಇದು. ಕಾಯ್ದೆಯ 66ನೇ ಕಲಮಿನಲ್ಲಿ, ಮಾಲು ಸಮೇತ ಒಟ್ಟು ತೂಕ 3 ಸಾವಿರ ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್‌ನಿಂದ ವಿನಾಯಿತಿ ಇದೆ. ಕಂಪನಿಗಳೂ ಇದನ್ನು ನೋಡಿಯೇ ಕೆಲವು ಮಾಡೆಲ್‌ಗಳನ್ನು ಈ ಗೆರೆಯ ಒಳಗೆ ಇಟ್ಟಿವೆ. ಆದರೆ 1.7 ಟನ್, 2 ಟನ್ ಮಾಲು ಹೇರುವ ಗಾಡಿ ಈ ಗೆರೆ ದಾಟುತ್ತದೆ. ಆಗ ಪರ್ಮಿಟ್ ಬೇಕು. ಕೃಷ್ಣಾ ನದಿ ದಾಟಿ ರಾಯಚೂರಿಗೋ ಗುರುಮಿಠಕಲ್ ಮೇಲೆ ಯಾದಗಿರಿಗೋ ಹೋಗುವುದಾದರೆ ನ್ಯಾಷನಲ್ ಪರ್ಮಿಟ್ ಖರ್ಚನ್ನೂ ಕೂಡಿಸಿಯೇ ಲೆಕ್ಕ ಮಾಡಿ. ವಾರಕ್ಕೊಮ್ಮೆ ಮಾತ್ರ ದೊಡ್ಡ ಲೋಡ್ ಇದ್ದವರಿಗೆ ಚಿಕ್ಕ ಗಾಡಿಯಲ್ಲಿ ಎರಡು ಟ್ರಿಪ್ ಹೊಡೆಯುವುದೇ ಅಗ್ಗ ಆದೀತು. ದಿನಾ ದೊಡ್ಡ ಲೋಡ್ ಇದ್ದವರಿಗೆ ಎರಡು ಟನ್ನಿನದೇ ಸರಿ.

2025ರ ಅಕ್ಟೋಬರ್‌ನಲ್ಲಿ ತೆಲಂಗಾಣ ಸರಕಾರ ಸಾರಿಗೆ ಇಲಾಖೆಯ ಚೆಕ್‌ಪೋಸ್ಟ್‌ಗಳನ್ನು ಮುಚ್ಚಿತು. ಗೇಟು ಹೋಯಿತು ಅಂದರೆ ಕಾಗದ ಬೇಡ ಅಂತಲ್ಲ. ತಪಾಸಣೆ ರಸ್ತೆಯಲ್ಲಿ ಎಲ್ಲಿಯೂ ಆಗಬಹುದು.

ಎಲ್ಲಿ ಕೊಳ್ಳಬೇಕು, ಯಾವ ನಂಬರು?

ರಾಯಚೂರಿನಲ್ಲಿ ರೇಟು ಕಡಿಮೆ ಸಿಕ್ಕರೆ ಅಲ್ಲೇ ಕೊಳ್ಳಲು ಅಡ್ಡಿಯಿಲ್ಲ. ತಾತ್ಕಾಲಿಕ ನೋಂದಣಿ ಮಾಡಿಸಿಕೊಂಡು ಊರಿಗೆ ತಂದು ಇಲ್ಲಿಯೇ ಪಕ್ಕಾ ನೋಂದಣಿ ಮಾಡಿಸಬಹುದು. ಆದರೆ ಬೀಗರ ವಿಳಾಸ ಕೊಟ್ಟು ಕರ್ನಾಟಕದ ನಂಬರು ಹಾಕಿಸಿ ಇಲ್ಲಿ ಓಡಿಸುವ ಉಪಾಯ ಬೇಡ. ಮಾಲೀಕನ ವಾಸ ಅಥವಾ ವ್ಯಾಪಾರ ಇದ್ದು, ಗಾಡಿ ಸಾಮಾನ್ಯವಾಗಿ ನಿಲ್ಲುವ ಕಡೆಯೇ ನೋಂದಣಿ ಆಗಬೇಕು. ಬೇರೆ ರಾಜ್ಯದ ನಂಬರಿನ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ನಂಬರು ಬದಲಿಸಬೇಕು. ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಆ ಕಡೆಯಿಂದ ತರುವವರು ಎನ್‌ಒಸಿ ಕೈಗೆ ಬಾರದೆ ಪೂರ್ತಿ ಹಣ ಕೊಡಬಾರದು. ಹಳೇ ಫೈನಾನ್ಸ್ ಸಾಲ ತೀರಿದ ಪತ್ರವನ್ನೂ ಕೇಳಿ.

ಸರಕು ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಅದು ಕಾಣಬೇಕು. ಡ್ರೈವಿಂಗ್ ಲೈಸೆನ್ಸ್ ಬಗೆಗಿನ ಗೊಂದಲವೂ ಈಗಿಲ್ಲ. 7,500 ಕಿಲೋ ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ.

ಕಂತು ಮತ್ತು ಡೀಸೆಲ್

8 ಲಕ್ಷ ರೂಪಾಯಿ ಸಾಲ, ಶೇ. 10 ಬಡ್ಡಿ, ಐದು ವರ್ಷ ಎಂದರೆ ತಿಂಗಳಿಗೆ ಸುಮಾರು 17 ಸಾವಿರ ಕಂತು. ತಿಂಗಳಿಗೆ 3 ಸಾವಿರ ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 14ರ ಬದಲು 12 ಕಿಲೋಮೀಟರ್ ಕೊಟ್ಟರೆ, ಡೀಸೆಲ್ 95 ರೂಪಾಯಿ ಹಿಡಿದರೂ, ತಿಂಗಳಿಗೆ 3,400 ರೂಪಾಯಿ ಹೆಚ್ಚು ಖರ್ಚು. ಶೋರೂಮಿನಲ್ಲಿ 20 ಸಾವಿರ ರಿಯಾಯಿತಿ ಕೊಟ್ಟರೂ ಆರು ತಿಂಗಳಲ್ಲಿ ಕರಗಿಹೋಗುತ್ತದೆ. ಹೀಗಾಗಿ ಮೈಲೇಜನ್ನು ಬ್ರೋಶರ್‌ನಲ್ಲಿ ನೋಡದೆ, ನಿಮ್ಮ ಮಾಲನ್ನೇ ಹೇರುವ ಡ್ರೈವರ್‌ಗಳ ಹತ್ತಿರ ಕೇಳುವುದು ಒಳ್ಳೆಯದು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಫಿಲ್ಟರ್ ಇರುತ್ತದೆ. ಬರೀ ಊರೊಳಗೆ ತುಸು ತುಸು ಓಡಿಸಿದರೆ ಅದು ಕಟ್ಟಿಕೊಳ್ಳಬಹುದು. ಹೀಗಾಗಿ ಸರ್ವಿಸ್ ಸೆಂಟರ್ ಎಷ್ಟು ಹತ್ತಿರ ಇದೆ ಎಂಬುದೂ ಹೋಲಿಕೆಯ ಭಾಗವೇ.

ಜನ ಹೇರಬ್ಯಾಡ್ರಿ

ಕೊನೆಯದಾಗಿ, ಆದರೆ ಸಣ್ಣದಲ್ಲ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು, ಮದುವೆ ದಿಬ್ಬಣವನ್ನು ಪಿಕಪ್ ಹಿಂದೆ ನಿಲ್ಲಿಸಿ ಒಯ್ಯುವ ರೂಢಿ ಎರಡೂ ಕಡೆ ಇದೆ. ಸರಕು ಗಾಡಿಯ ವಿಮೆ ಮಾಲಿನ ಜೊತೆ ಬರುವ ಮಾಲೀಕ ಅಥವಾ ಅವನ ಪ್ರತಿನಿಧಿಗೆ ಸಿಗುತ್ತದೆಯೇ ಹೊರತು ಹೀಗೆ ಹತ್ತಿಸಿಕೊಂಡ ಪ್ರಯಾಣಿಕರಿಗಲ್ಲ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಇಂಥವರ ವಿಷಯದಲ್ಲಿ ವಿಮಾ ಕಂಪನಿ ಹೊಣೆಯಲ್ಲ ಎಂದಿದೆ. ಅನಾಹುತ ಆದರೆ ಪರಿಹಾರದ ಭಾರ ಗಾಡಿ ಮಾಲೀಕನ ಹೊಲ, ಮನೆ ಮೇಲೆ ಬರುತ್ತದೆ. ಕಳಕೊಂಡ ಜೀವ ಹೇಗೂ ಬಾರದು. ಯಾವ ಕಂಪನಿಯ ಗಾಡಿ ಕೊಂಡರೂ ಈ ಮಾತು ಒಂದೇ.

ಆದ್ದರಿಂದ ಶೋರೂಮಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ನನ್ನ ಮಾಲು ಯಾವುದು, ಒಂದು ಸಲಕ್ಕೆ ಎಷ್ಟು, ವಾರಕ್ಕೆ ಎಷ್ಟು ಸಲ ಗಡಿ ದಾಟುತ್ತೇನೆ, ಸುಗ್ಗಿ ಇಲ್ಲದ ತಿಂಗಳು ಕಂತು ಎಲ್ಲಿಂದ ಕಟ್ಟುತ್ತೇನೆ. ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಯಾವ ಗಾಡಿ ಅನ್ನುವುದು ಅರ್ಧ ತೀರ್ಮಾನ ಆದಂತೆಯೇ. ಬಣ್ಣ ಆಮೇಲೆ ಆರಿಸಬಹುದು.