ಸಂಜೆ ನಾಲ್ಕರಿಂದ ಐದರವರೆಗೆ

ಬರ್ಲಿನ್ನಿನ ಶೋನೆಬರ್ಗ್ ಭಾಗದಲ್ಲಿ ಬವೇರಿಯನ್ ಕ್ವಾರ್ಟರ್ ಎಂಬ ಬಡಾವಣೆಯಿದೆ. ಹೆಚ್ಚಿನ ಬೀದಿಗಳಿಗೆ ಬವೇರಿಯಾ ಕಡೆಯ ಊರುಗಳ ಹೆಸರು. ನಾಲ್ಕೈದು ಅಂತಸ್ತಿನ ಮನೆಗಳು, ಅಗಲವಾದ ಫುಟ್‌ಪಾತು, ಸಾಲುಮರ, ಮೂಲೆಗೊಂದು ಬೇಕರಿ. ನೋಡುವುದಕ್ಕೆ ಇಲ್ಲೇನೂ ಇಲ್ಲ ಅನ್ನಿಸುವಂಥ ಜಾಗ. ತಲೆ ಎತ್ತಿದರೆ ಮಾತ್ರ ದೀಪದ ಕಂಬಗಳಿಗೆ ಜೋಡಿಸಿದ ಬೋರ್ಡುಗಳು ಕಾಣುತ್ತವೆ. ಮಕ್ಕಳ ಮಗ್ಗಿ ಪುಸ್ತಕದಲ್ಲಿರುವಂಥ ಸರಳ ಚಿತ್ರಗಳು, ಢಾಳು ಬಣ್ಣ. ಒಂದರಲ್ಲಿ ಬೆಕ್ಕು, ಒಂದರಲ್ಲಿ ಈಜುಚಡ್ಡಿ, ಇನ್ನೊಂದರಲ್ಲಿ ಒಂದು ಬ್ರೆಡ್ಡು.

ಬ್ರೆಡ್ಡಿನ ಬೋರ್ಡು ನೋಡಿ ಬೇಕರಿಯ ಜಾಹೀರಾತು ಅಂದುಕೊಳ್ಳಬೇಕು, ಹಾಗಿದೆ. ಕಂಬ ಸುತ್ತಿ ಆ ಕಡೆಗೆ ಬಂದರೆ ಹಿಂಬದಿಯಲ್ಲಿ ಕಪ್ಪು ಅಕ್ಷರದಲ್ಲಿ ಒಂದೇ ವಾಕ್ಯ: ಬರ್ಲಿನ್ನಿನ ಯಹೂದಿಗಳು ದಿನಸಿ ಕೊಳ್ಳುವುದಕ್ಕೆ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಅವಕಾಶ. ಕೆಳಗೆ ತಾರೀಖು, 4.7.1940. ಬೆಕ್ಕಿನ ಹಿಂದೆ 1942ರ ಆದೇಶ: ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ. ಈಜುಚಡ್ಡಿಯ ಹಿಂದೆ 1938ರ ಡಿಸೆಂಬರಿನದು: ಬರ್ಲಿನ್ನಿನ ಈಜುಕೊಳಗಳಿಗೆ ಅವರಿಗೆ ಪ್ರವೇಶವಿಲ್ಲ. ಇಂಥವು ಒಟ್ಟು 80. ರೆನಾಟಾ ಸ್ಟಿಹ್ ಮತ್ತು ಫ್ರೀಡರ್ ಶ್ನೋಕ್ ಎಂಬ ಕಲಾವಿದರು 1993ರಲ್ಲಿ ಮಾಡಿದ ಸ್ಮಾರಕ ಇದು. ಗೇಟಿಲ್ಲ, ಟಿಕೇಟಿಲ್ಲ, ಹೂಗುಚ್ಛ ಇಡುವ ಕಟ್ಟೆಯೂ ಇಲ್ಲ. ಜನ ತರಕಾರಿ ಚೀಲ ಹಿಡಿದು ಇದರ ಕೆಳಗೇ ಓಡಾಡುತ್ತಾರೆ.

ಬೋರ್ಡುಗಳನ್ನು ಕಟ್ಟತೊಡಗಿದಾಗ ಕೆಲವು ನಿವಾಸಿಗಳು ಗಾಬರಿಯಾಗಿ ಪೊಲೀಸರಿಗೆ ಫೋನು ಮಾಡಿದರು. ಯಾರೋ ಹೊಸ ನಾಜಿಗಳ ಕಿತಾಪತಿ ಅಂದುಕೊಂಡು ಪೊಲೀಸರು ಕೆಲವನ್ನು ಬಿಚ್ಚಿಕೊಂಡೂ ಹೋದರಂತೆ. ಆಮೇಲೆ ಪ್ರತಿ ಬೋರ್ಡಿನ ಕೆಳಗೂ ಇದು ಸ್ಮಾರಕ ಎಂದು ತಿಳಿಸುವ ಪುಟ್ಟ ಫಲಕ ಸೇರಿತು. 1940ರಲ್ಲಿ ಯಾರಾದರೂ ಹೀಗೆ ಫೋನು ಮಾಡಿ ದೂರಿದ್ದರೂ ಪ್ರಯೋಜನವಿರುತ್ತಿರಲಿಲ್ಲ ಬಿಡಿ. ಫೋನು ಎತ್ತುವವರೂ ಅದೇ ಸರ್ಕಾರದವರೇ.

ಆದರೆ ಎಲ್ಲವೂ ಸರ್ಕಾರದ್ದೇ ಅಲ್ಲ. ಚದುರಂಗದ ಬೋರ್ಡಿನ ತಾರೀಖು ನೋಡಿ: 9.7.1933. ಹಿಟ್ಲರ್ ಗದ್ದುಗೆ ಹತ್ತಿ ಆಗಿನ್ನೂ ಆರು ತಿಂಗಳು ತುಂಬಿರಲಿಲ್ಲ. ಚೆಸ್ ಒಕ್ಕೂಟ ತನ್ನ ಯಹೂದಿ ಸದಸ್ಯರನ್ನು ಹೊರಹಾಕಿತು. ಮುಂದಿನ ತಿಂಗಳು, 16.8.1933ಕ್ಕೆ, ಹಾಡುಗಾರರ ಸಂಘಗಳ ಸರದಿ. ಸಂಜೆ ಹೊತ್ತು ಸೇರಿ ಕೋರಸ್ ಹಾಡುವ ಮಂದಿ ಅವರು. ನಿನ್ನೆಯವರೆಗೆ ಪಕ್ಕದಲ್ಲಿ ನಿಂತು ಹಾಡುತ್ತಿದ್ದವನಿಗೆ ನಾಳೆಯಿಂದ ಬರಬೇಡ ಅಂದರು. 1940ರ ಹೊತ್ತಿಗಂತೂ ಬೇಕರಿಯವನು ಗಡಿಯಾರ ನೋಡಿ ಬ್ರೆಡ್ಡು ಕೊಡುವುದು ರೂಢಿಯಾಗಿತ್ತು. ಐದು ಗಂಟೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಅದು ಅಂಗಡಿಯ ಟೈಮಿಂಗು, ಅಷ್ಟೇ. ಕೆಲಸಕ್ಕೆ ಹಚ್ಚಿದ ಯಹೂದಿ ಮಹಿಳೆ ಕಾರ್ಖಾನೆಯಿಂದ ಬರುವಷ್ಟರಲ್ಲಿ ಆ ಒಂದು ಗಂಟೆ ಮುಗಿದಿದ್ದರೆ ಅವತ್ತಿಗೆ ಬ್ರೆಡ್ಡಿಲ್ಲ. ಇದ್ದಬದ್ದ ಒಳ್ಳೆಯ ಸಾಮಾನು ಅಷ್ಟರಲ್ಲಿ ಖಾಲಿಯೂ ಆಗಿರುತ್ತಿತ್ತು.

ಬಡಾವಣೆಯ ನಡುವೆ ಬವೇರಿಯನ್ ಚೌಕ ಎಂಬ ಸಣ್ಣ ಪಾರ್ಕಿದೆ. 1939ರಲ್ಲಿ ಇಲ್ಲಿ ಯಹೂದಿಗಳಿಗೆಂದು ಹಳದಿ ಗುರುತಿನ ಬೆಂಚುಗಳಿದ್ದವು. ಉಳಿದವುಗಳ ಮೇಲೆ ಕೂರುವಂತಿರಲಿಲ್ಲ. ಅದನ್ನು ಹೇಳುವ ಬೋರ್ಡು ಓದಿ, ಹತ್ತಿರದ ಬೆಂಚೊಂದರ ಮೇಲೆ ಕೂತೆ. ಪಕ್ಕದಲ್ಲೊಬ್ಬರು ವಯಸ್ಸಾದವರು, ಕಾಲಡಿಯಲ್ಲಿ ಸಣ್ಣ ನಾಯಿ. ಜರ್ಮನ್ನರು ಅಪರಿಚಿತರನ್ನು ಮಾತಾಡಿಸುವುದಿಲ್ಲ ಎಂದು ಕೇಳಿದ್ದೆ, ಅದನ್ನು ನಂಬಿಕೊಂಡೇ ಕೂತಿದ್ದೆ. ಅವರು ನಾಯಿಯನ್ನು ಹಗ್ಗದಿಂದ ಬಿಡಿಸಿಕೊಳ್ಳುತ್ತ ಇಂಗ್ಲಿಷಿನಲ್ಲಿ ಶುರು ಮಾಡಿದರು. ಯಾವ ದೇಶ? ಇಂಡಿಯಾನಾ? ಐಟಿನಾ? ಖಾರ ಜಾಸ್ತಿ ತಿಂತೀರಿ ಅಲ್ವಾ? ಹವಾಮಾನದ ಮಾತು ಮುಗಿಯುವಷ್ಟರಲ್ಲಿ ರಾಜಕೀಯಕ್ಕೆ ದಾಟಿಯೇಬಿಟ್ಟರು.

“ನಿಮ್ಮವರು ರಷ್ಯಾದ ಹತ್ತಿರ ಎಣ್ಣೆ ಯಾಕೆ ಕೊಳ್ತಾರೆ?”

ನಾನು ಸ್ಕೂಟರಿಗೆ ಪೆಟ್ರೋಲು ಹಾಕಿಸುವವನು. ಕಚ್ಚಾತೈಲದ ವ್ಯವಹಾರ ಕುದುರಿಸಿದವನಲ್ಲ. ಅದೂ ಅಲ್ಲದೆ ಕಳೆದ ಸಲ ನಾನು ವೋಟು ಹಾಕಿದ ಅಭ್ಯರ್ಥಿ ಸೋತವರು. 2021ರಲ್ಲಿ ನಿಮ್ಮ ಜರ್ಮನಿ ಆಮದು ಮಾಡಿಕೊಂಡ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ರಷ್ಯಾದ್ದೇ ಅಲ್ಲವೇ ಯಜಮಾನರೇ ಎಂಬ ಉತ್ತರ ನಾಲಿಗೆ ತುದಿಗೆ ಬಂತು. ಆಡಲಿಲ್ಲ. ಹಿರಿಯರು, ಮೇಲಾಗಿ ಪರದೇಶ. “ಅದು ಸರ್ಕಾರದ ತೀರ್ಮಾನ” ಎಂದೆ. ಹೇಳಿದ ಮೇಲೆ, ಎದುರಿಗಿದ್ದ ಕಂಬ ನೋಡಿ ಮುಜುಗರವಾಯಿತು. ಈ ಬಡಾವಣೆಯಲ್ಲಿ ಆ ವಾಕ್ಯವನ್ನು ಎಷ್ಟು ಜನ ಎಷ್ಟು ಸಲ ಆಡಿರಬೇಕೋ. ಅವರೇನೂ ಕೆಣಕಲಿಲ್ಲ. “ಹೌದಪ್ಪ, ನಮ್ಮಪ್ಪನೂ ಹಾಗೇ ಹೇಳ್ತಿದ್ದ” ಅಂದು ನಾಯಿಯ ಸಂಗಡ ಎದ್ದರು. ನಕ್ಕರೋ ಚುಚ್ಚಿದರೋ ತಿಳಿಯಲಿಲ್ಲ.

ನನ್ನ ಸಿಟ್ಟಿಗೆ ಅರ್ಧ ನ್ಯಾಯವಿದೆ, ಅವರ ಪ್ರಶ್ನೆಗೂ ಅರ್ಧ. ಇದನ್ನು ಸರಿಯಾಗಿ ಬಿಡಿಸಿ ಹೇಳಿದವರು ಇದೇ ದೇಶದ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್. ಹೆಂಡತಿ ಯಹೂದಿಯೆಂಬ ಕಾರಣಕ್ಕೆ 1937ರಲ್ಲಿ ಅವರ ಪ್ರಾಧ್ಯಾಪಕ ಹುದ್ದೆ ಹೋಯಿತು. ಯುದ್ಧ ಮುಗಿದ ವರ್ಷದ ಚಳಿಗಾಲದಲ್ಲಿ ಹೈಡೆಲ್‌ಬರ್ಗಿನಲ್ಲಿ, ಸೋತು ಹಸಿದು ಕೂತಿದ್ದ ವಿದ್ಯಾರ್ಥಿಗಳ ಮುಂದೆ, ತಪ್ಪಿನ ಪ್ರಶ್ನೆಯ ಬಗ್ಗೆ ಉಪನ್ಯಾಸ ಕೊಟ್ಟರು, 1946ರಲ್ಲಿ ಪುಸ್ತಕವಾಯಿತು. ಕೊಲೆ ಮಾಡಿದವನು ಅಪರಾಧಿ, ಅವನನ್ನು ನ್ಯಾಯಾಲಯ ನೋಡಿಕೊಳ್ಳಲಿ. ಒಂದು ಇಡೀ ಜನವನ್ನು ಅಪರಾಧಿ ಎನ್ನುವುದು ತಪ್ಪು. ಆದರೆ ರಾಜಕೀಯವಾದ ಹೊಣೆ ಬೇರೆ. ಯಾವ ಸರ್ಕಾರದ ಕೆಳಗೆ ಬಾಳಿದೆವೋ ಅದು ಮಾಡಿದ್ದರ ಸಾಲ ತೀರಿಸುವುದಕ್ಕೆ ಪ್ರತಿಯೊಬ್ಬ ಪ್ರಜೆಯೂ ಬಾಧ್ಯ, ವಿರೋಧಿಸಿದವನೂ ಸಹ. ಇನ್ನು ನೀನು ಅವತ್ತು ಏನು ಮಾಡಿದೆ, ಏನು ನೋಡಿಯೂ ನೋಡದಂತಿದ್ದೆ ಎಂಬುದು ನಿನ್ನ ಮನಸ್ಸಾಕ್ಷಿಗೂ ನಿನ್ನ ಆಪ್ತರಿಗೂ ಬಿಟ್ಟ ವಿಚಾರ. ನಾಲ್ಕನೆಯ ಬಗೆಯೊಂದನ್ನೂ ಅವರು ಹೇಳುತ್ತಾರೆ, ಅದು ದೇವರ ಲೆಕ್ಕ. ಯಾಸ್ಪರ್ಸರ ಪ್ರಕಾರ ಹೋದರೆ ಸೋತ ಅಭ್ಯರ್ಥಿಗೆ ಹಾಕಿದ ವೋಟು ನನ್ನನ್ನು ಬಚಾವು ಮಾಡುವುದಿಲ್ಲ. ಪಾರ್ಕಿನಲ್ಲಿ ಸಿಕ್ಕ ಯಜಮಾನರಿಗೆ ನನ್ನ ಅಂತರಾಳ ಬಗೆಯುವ ಹಕ್ಕು ಮಾತ್ರ ಇಲ್ಲ. ಪ್ರಶ್ನೆ ಕೇಳಬಹುದು, ತೀರ್ಪು ಕೊಡುವಂತಿಲ್ಲ.

ಬೇಡದ ಹರಟೆಯ ಬಗ್ಗೆ ಗೊಣಗುತ್ತಿದ್ದವನಿಗೆ 1941ರ ಅಕ್ಟೋಬರ್ 24ರ ಆದೇಶ ನೆನಪಾಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳುವುದು ಕಡ್ಡಾಯವಾಗಿತ್ತು. ನಕ್ಷತ್ರ ಕಂಡು ಕೆಲವರು ಬೇಕೆಂದೇ ನಮಸ್ಕಾರ ಹೇಳತೊಡಗಿದರೋ ಏನೋ, ಯಹೂದಿಗಳ ಜೊತೆ ಬಹಿರಂಗವಾಗಿ ಸ್ನೇಹ ತೋರಿಸುವ ಜರ್ಮನ್ನರನ್ನು ಹಿಡಿದು ಹಾಕಿ, ಹೆಚ್ಚಾಯಿತೆಂದರೆ ಮೂರು ತಿಂಗಳವರೆಗೆ ಶಿಬಿರಕ್ಕೆ ಕಳಿಸಿ ಎಂದು ಆದೇಶವಾಯಿತು. ‘ಹೇಗಿದ್ದೀರಿ, ಇವತ್ತು ಚಳಿ ಜೋರು’ ಎನ್ನುವುದೂ ಅಪರಾಧ. ಡ್ರೆಸ್ಡನ್ನಿನ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ಆ ವರ್ಷಗಳ ದಿನಚರಿಯಲ್ಲಿ ಎರಡೂ ಬಗೆಯ ಅಪರಿಚಿತರನ್ನು ಬರೆದಿಟ್ಟಿದ್ದಾರೆ. ಅವರ ಎದೆಯ ಮೇಲಿನ ನಕ್ಷತ್ರ ನೋಡಿ ಬೈದು ಹೋದವರಿದ್ದರು. ರಸ್ತೆ ದಾಟಿ ಬಂದು ಕೈ ಕುಲುಕಿ ಹೋದವರೂ ಇದ್ದರು. ಸಾಕಿದ ಬೆಕ್ಕನ್ನು 1942ರ ಮೇ ತಿಂಗಳಲ್ಲಿ ಪಶುವೈದ್ಯರಿಂದ ಕೊಲ್ಲಿಸಬೇಕಾಗಿ ಬಂದ ದಂಪತಿಗಳಲ್ಲಿ ಇವರದೂ ಒಂದು ಜೋಡಿ.

ನಮ್ಮಲ್ಲಿ ಅಪರಿಚಿತರ ಮಾತಿಗೆ ಬರವಿಲ್ಲ. ಹಾಸನದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ನೆಲಮಂಗಲ ದಾಟುವುದರೊಳಗೆ ಶುರುವಾಗುತ್ತದೆ. ಯಾವೂರಾಯ್ತು? ಅಲ್ಲಿ ಯಾರ ಮನೆ? ಹಾಗಾದರೆ ಅವರು ನಿಮಗೇನಾಗ್ಬೇಕು? ಕೊನೆಗೆ ತುಸು ತಗ್ಗಿದ ದನಿಯಲ್ಲಿ: ನೀವು ಯಾವ ಪೈಕಿ? ಕೇಳಿದವರ ಮುಖದಲ್ಲಿ ಕಪಟವಿರುವುದಿಲ್ಲ, ಚಿಪ್ಸಿನ ಪ್ಯಾಕೆಟ್ಟನ್ನೂ ಮುಂದೆ ಹಿಡಿದಿರುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದೇ ಪ್ರಶ್ನೆಯ ಇನ್ನೊಂದು ರೂಪ ಗೊತ್ತು. ಅಡ್ವಾನ್ಸಿನ ಮಾತಿಗೆ ಮೊದಲೇ “ವೆಜ್ಜಾ?” ಉತ್ತರ ಹೊಂದದಿದ್ದರೆ ಆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿರುತ್ತದೆ. ಇದನ್ನು ಕೇಳಿ ಅಂತ ಯಾವ ಸರ್ಕಾರವೂ ಆದೇಶ ಹೊರಡಿಸಿಲ್ಲ. ಸಂವಿಧಾನ ಇದಕ್ಕೆ ತದ್ವಿರುದ್ಧ. ನಾಜಿಗಳ ಕಾಲಕ್ಕೂ ನಮ್ಮ ಬಾಡಿಗೆ ಮನೆಗೂ ಗಂಟು ಹಾಕುವ ಇರಾದೆ ನನಗಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಚೆಸ್ ಒಕ್ಕೂಟದ ಬೋರ್ಡಿನ ಕೆಳಗೆ ನಿಂತಾಗ ಮನೆ ಮಾಲೀಕರೇ ಕಣ್ಣ ಮುಂದೆ ಬಂದರು. ದಿಲ್ಲಿಯ ಸರ್ಕಾರವಾಗಲಿ ಬರ್ಲಿನ್ನಿನದಾಗಲಿ ಬರಲಿಲ್ಲ.

ಚೌಕದಿಂದ ಮ್ಯೂನ್ಷೆನರ್ ಬೀದಿಗೆ ಬಂದರೆ ಲ್ಯೋಕ್ನಿಟ್ಸ್ ಪ್ರಾಥಮಿಕ ಶಾಲೆ. ಇಲ್ಲಿದ್ದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ನಾಜಿಗಳು ಅಂಥವುಗಳಿಗೆ ಬೆಂಕಿಯಿಟ್ಟ 1938ರ ನವೆಂಬರ್ ರಾತ್ರಿಯಲ್ಲೂ ಉಳಿದುಕೊಂಡಿತ್ತು, ಬೆಂಕಿ ಹಚ್ಚಿದರೆ ಒತ್ತಿನ ಮನೆಗಳಿಗೂ ಹಬ್ಬೀತು ಎಂಬ ಭಯದಿಂದ. 1956ರಲ್ಲಿ, ಎಲ್ಲ ಮುಗಿದ ಮೇಲೆ, ಕೆಡವಿದರು; ಬಂದು ಪ್ರಾರ್ಥಿಸುವವರೇ ಉಳಿದಿರಲಿಲ್ಲ. ಈಗ ಆ ಶಾಲೆಯ ಆರನೇ ತರಗತಿಯ ಮಕ್ಕಳು ಪ್ರತಿವರ್ಷ ತಲೆಗೊಂದು ಇಟ್ಟಿಗೆ ತೆಗೆದುಕೊಳ್ಳುತ್ತಾರೆ. ಈ ಬಡಾವಣೆಯಿಂದ ಒಯ್ದ ಯಹೂದಿಗಳ ಪಟ್ಟಿಯಲ್ಲಿ ತಮ್ಮ ಹೆಸರಿನವರನ್ನೋ, ತಮ್ಮ ಹುಟ್ಟುಹಬ್ಬದ ದಿನವೇ ಹುಟ್ಟಿದವರನ್ನೋ, ತಮ್ಮದೇ ಬೀದಿಯಲ್ಲಿದ್ದವರನ್ನೋ ಹುಡುಕಿ, ಇಟ್ಟಿಗೆಯ ಮೇಲೆ ಹೆಸರು ಬರೆದು ಅಂಗಳದ ಗೋಡೆಗೆ ಸೇರಿಸುತ್ತಾರೆ. ಗೋಡೆ ಸಾವಿರ ಇಟ್ಟಿಗೆ ದಾಟಿದೆ. ಅಕ್ಷರಗಳು ಸೊಟ್ಟಪಟ್ಟ, ಕೆಲವು ಕಡೆ ಬಣ್ಣ ಇಳಿದಿದೆ. ಈ ಮಕ್ಕಳಲ್ಲಿ ಎಷ್ಟೋ ಮಂದಿಯ ಅಜ್ಜ ಅಜ್ಜಿ ಜರ್ಮನಿಯವರೇ ಅಲ್ಲ, ಬೇರೆ ದೇಶಗಳಿಂದ ಬಂದವರು. ತಾವು ಮಾಡದ, ತಮ್ಮ ಹಿರಿಯರೂ ಮಾಡದ ಕೆಲಸದ ಹೊಣೆಯನ್ನು ಹನ್ನೆರಡು ವರ್ಷದವರು ಕ್ರಾಫ್ಟ್ ಪೀರಿಯಡ್ಡಿನಂತೆ ನಿಭಾಯಿಸುತ್ತಿದ್ದಾರೆ.

ಹೋಗುವವರಿಗೆ: ಮೆಟ್ರೋದ ಏಳನೇ ಲೈನಿನಲ್ಲಿ ಬವೇರಿಯನ್ ಚೌಕದ ನಿಲ್ದಾಣಕ್ಕೆ ಇಳಿಯಬೇಕು. ಮೇಲೆ ಬಂದರೆ ದೊಡ್ಡ ನಕ್ಷೆಯೊಂದು ನಿಂತಿದೆ, 1933ರ ಬಡಾವಣೆ ಮತ್ತು 1993ರದು ಒಂದರ ಜೊತೆ ಒಂದು. ಐನ್‌ಸ್ಟೈನ್ 1932ರ ಕೊನೆಯವರೆಗೆ ಇದ್ದ ಹಾಬರ್‌ಲಾಂಡ್ ಬೀದಿ ಹತ್ತಿರವೇ. ಮನೆ ಯುದ್ಧದಲ್ಲಿ ಹೋಯಿತು, ಒಂದು ಕಲ್ಲು ನೆಟ್ಟಿದ್ದಾರೆ. ಬೋರ್ಡುಗಳು ಸಾಲಾಗಿಲ್ಲ, ತಾರೀಖಿನ ಕ್ರಮದಲ್ಲೂ ಇಲ್ಲ, ಎಲ್ಲವನ್ನೂ ನೋಡುತ್ತೇನೆ ಎಂದು ಹಟ ಹಿಡಿದರೆ ಕತ್ತು ನೋಯುತ್ತದೆ. ಜರ್ಮನ್ ಬಾರದವರು ಫೋನಿನಲ್ಲಿ ಅನುವಾದ ಹಚ್ಚಿಕೊಂಡು ನಡೆಯಬಹುದು. ಹಾಗೆ ನಿಂತಾಗ ಯಾರಾದರೂ ಬಂದು ಏನು ಹುಡುಕುತ್ತಿದ್ದೀರಿ ಎಂದು ವಿಚಾರಿಸುವುದು ಖಂಡಿತ. ಒಮ್ಮೆ ಶುರುವಾದರೆ ಅರ್ಧ ಗಂಟೆ ಬಿಡುವುದಿಲ್ಲ. ಅಷ್ಟು ಸಮಯ ಇಟ್ಟುಕೊಂಡೇ ಹೋಗಿ.