'ಫಿಲ್ ಅಪ್' ಮತ್ತು 'ಫಿಲ್ ಇನ್' : ಅರ್ಥ ಮತ್ತು ಪ್ರಯೋಗ

ಇಂಗ್ಲಿಷಿನ ಕ್ರಿಯಾಪದಕ್ಕೆ 'ಅಪ್', 'ಇನ್', 'ಔಟ್' ಮೊದಲಾದ ಅವ್ಯಯಗಳು ಸೇರಿದಾಗ ಅದರ ಅರ್ಥ ಪಲ್ಲಟಗೊಳ್ಳುವುದು ಅಧ್ಯಾಪಕರಿಗೆ ವಿದಿತವೇ ಆಗಿದೆ. ಕನ್ನಡಕ್ಕೆ ಅನುವಾದಿಸುವಾಗ ಈ ಭೇದವನ್ನು ಅಲಕ್ಷಿಸಿದರೆ ಒದಗುವ ಅನರ್ಥವನ್ನು 'ಫಿಲ್' ಎಂಬ ಕ್ರಿಯಾಪದದ ಎರಡು ರೂಪಗಳಲ್ಲಿ ಪರಿಶೀಲಿಸುತ್ತೇವೆ. ನಿದರ್ಶನಕ್ಕೆ ಬೆಂಗಳೂರಿನ ಕೆರೆಗಳಲ್ಲಿ ಅತಿ ದೊಡ್ಡದಾದ ಬೆಳ್ಳಂದೂರು ಕೆರೆಯನ್ನು ಆರಿಸಿಕೊಂಡಿದ್ದೇವೆ.

'ಫಿಲ್ ಅಪ್' ಎಂದರೆ ಪೂರ್ತಿಯಾಗಿ ತುಂಬುವುದು. ಇಲ್ಲಿ 'ಅಪ್' ಎಂಬುದು ದಿಕ್ಕನ್ನಲ್ಲ, ಕ್ರಿಯೆಯ ಪೂರ್ಣತೆಯನ್ನು ಸೂಚಿಸುತ್ತದೆ. 'ಫಿಲ್ ಇನ್' ಎಂದರೆ ತಗ್ಗನ್ನು ಮಣ್ಣು ಕಲ್ಲುಗಳಿಂದ ಮುಚ್ಚಿ ಸುತ್ತಣ ನೆಲಕ್ಕೆ ಸಮಮಾಡುವುದು. ಕೆರೆ ನೀರಿನಿಂದ ತುಂಬಿದರೆ ಕೆರೆಯಾಗಿಯೇ ಉಳಿಯುತ್ತದೆ. ಮಣ್ಣಿನಿಂದ ಮುಚ್ಚಿದರೆ ಕೆರೆಯೇ ಇಲ್ಲವಾಗುತ್ತದೆ. ಧರ್ಮಾಂಬುಧಿ ಕೆರೆಯಿದ್ದೆಡೆ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದೆಡೆ ಕಂಠೀರವ ಕ್ರೀಡಾಂಗಣವಿದೆ.

ಅರ್ಜಿಯ ವಿಷಯದಲ್ಲಿ ಮಾತ್ರ ಈ ಭೇದವಿಲ್ಲ. ಬ್ರಿಟನ್ನಿನವರು ಅರ್ಜಿಯನ್ನು 'ಫಿಲ್ ಇನ್' ಮಾಡುತ್ತಾರೆ, ಅಮೆರಿಕದವರು 'ಫಿಲ್ ಔಟ್' ಮಾಡುತ್ತಾರೆ, ನಮ್ಮವರು 'ಫಿಲ್ ಅಪ್' ಮಾಡುತ್ತಾರೆ. ಮೂರಕ್ಕೂ 'ಭರ್ತಿ ಮಾಡು' ಎಂದರೆ ಸಾಕು.

ಕೆರೆಯ ವಿಷಯ ಹಾಗಲ್ಲ. ನಮ್ಮ ದೇಶದ ಇಂಗ್ಲಿಷ್ ಬರಹದಲ್ಲಿ ಮಣ್ಣು ಸುರಿದು ಮುಚ್ಚಿದ ಕೆರೆಗೂ 'ಫಿಲ್ಡ್ ಅಪ್' ಎನ್ನುವುದುಂಟು. ಅದನ್ನು 'ಕೆರೆ ತುಂಬಿದೆ' ಎಂದು ಅನುವಾದಿಸಿದರೆ ಓದುಗನು ಕೋಡಿ ಹರಿಯುವುದನ್ನೂ ಬಾಗಿನ ಅರ್ಪಿಸುವುದನ್ನೂ ನೆನೆಯುವನು. ನಾಶವು ಸಮೃದ್ಧಿಯಾಗಿ ತೋರುವುದು.

ಬೆಳ್ಳಂದೂರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿಗೆ ನಗರದ ಕೊಳಚೆ ನೀರು ಹರಿದುಬಂದಿದೆ. ತಳದಲ್ಲಿ ಹೂಳು ಶೇಖರವಾಗಿದೆ. ಅಂಚಿನಲ್ಲಿ ಮಣ್ಣನ್ನೂ ಕಟ್ಟಡಗಳ ಭಗ್ನಾವಶೇಷವನ್ನೂ ಸುರಿದ ದೂರುಗಳಿವೆ. ನೊರೆಗೆ ಹೆಸರಾದ ಆ ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ಇಂತಹ ಕೆರೆ 'ತುಂಬಿದೆ' ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಕನ್ನಡದಲ್ಲಿ ಈ ಭೇದಗಳಿಗೆ ಬೇರೆಬೇರೆ ಮಾತುಗಳೇ ಇವೆ. 'ಕೆರೆ ತುಂಬಿತು' ಎಂದರೆ ನೀರು ಎಂದೇ ಅರ್ಥ. ಬೇರೆ ವಸ್ತುವಾದರೆ 'ಕೆರೆಯಲ್ಲಿ ಹೂಳು ತುಂಬಿತು' ಎಂದು ಅದನ್ನು ಹೆಸರಿಸಬೇಕು. 'ಫಿಲ್ ಇನ್' ಎಂಬುದಕ್ಕೆ 'ಕೆರೆಯನ್ನು ಮುಚ್ಚಿದರು' ಎಂಬುದೇ ತಕ್ಕ ಮಾತು. ಪ್ರೇರಣಾರ್ಥಕವಾದ 'ಕೆರೆ ತುಂಬಿಸು' ಎಂಬುದು ನೀರಿಗೇ ಮೀಸಲು: ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದನ್ನು ಕೆರೆ ತುಂಬಿಸುವ ಯೋಜನೆ ಎನ್ನುತ್ತೇವೆ.

ಆದುದರಿಂದ ಅನುವಾದಕನು ಅವ್ಯಯಕ್ಕೆ ಸಮಾನಪದವನ್ನು ಹುಡುಕುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಯಾವುದರಿಂದ ತುಂಬಿತು? ತುಂಬಿದ ಮೇಲೆ ಕೆರೆ ಉಳಿಯಿತೆ? ಈ ಎರಡಕ್ಕೆ ಉತ್ತರ ದೊರೆತರೆ ತಕ್ಕ ಕನ್ನಡ ಮಾತು ತಾನಾಗಿಯೇ ಒದಗುತ್ತದೆ.